ಸಮುದ್ರದ ದಾರಿಯಲ್ಲಿ ಹುಕ್ಕೇರಿ

ಮುರಿಗೆಪ್ಪ ಹುಟ್ಟಿದ ಇಪ್ಪತ್ತಾರು ವರ್ಷಗಳಲ್ಲಿ ಅವ್ವನ ಮುಂದೆ ಹೇಳಿದ ಮೊದಲ ಸುಳ್ಳು ಅದು. ಮೊದಲನೆಯದಾದ್ದರಿಂದ ನೆಟ್ಟಗೆ ಹೇಳಲು ಅವನಿಗೆ ಬರಲಿಲ್ಲ.

ಇದು ಮೂವತ್ತೆಂಟನೆಯ ಇಸವಿಯ ಮಾತು. ಮುರಿಗೆಪ್ಪ ಗೋಕಾಕದ ಹತ್ತಿ ವಖಾರಿಯಲ್ಲಿ ಗುಮಾಸ್ತ. ಮದುವೆಯಾದ ಹೊಸದರಲ್ಲಿ, ಹುರುಪು ಜಾಸ್ತಿಯಾಗಿ, ಹೆಂಡತಿ ಪಾರವ್ವನಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಮೂರು ವರ್ಷವಾದರೂ ತೋರಿಸಿರಲಿಲ್ಲ. ಈಗ ಅವಳಿಗೆ ಐದು ತಿಂಗಳು. ಬರುವ ತಿಂಗಳು ಹೆರಿಗೆಗೆ ತವರಿಗೆ ಹೋದಳೆಂದರೆ ಮುಂದೆ ತೊಟ್ಟಿಲು, ಕೂಸು, ಕುಲಾವಿ. ಸಮುದ್ರದ ಮಾತು ಅಲ್ಲಿಗೆ ಮುಗಿಯಿತು. ಈ ಚಿಂತೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಶನಿವಾರ ರಜೆ ಸಿಕ್ಕದ್ದೇ ತಡ, ಡ್ರೈವರ ಕೇದಾರಿಯ ಕೈಕಾಲು ಹಿಡಿದು ಮೂಡಲಗಿಯ ಸಾಹುಕಾರರ ಮೋಟಾರನ್ನು ಎರಡು ದಿನಕ್ಕೆ ಗೊತ್ತುಮಾಡಿದ. ಹುಕ್ಕೇರಿ, ಸಂಕೇಶ್ವರ ದಾಟಿ ಅಂಬೋಲಿ ಘಾಟು ಇಳಿದರೆ ಸಂಜೆಗೆ ವೆಂಗುರ್ಲೆ. ಆದಿತ್ಯವಾರವಿಡೀ ದಂಡೆ ಹಿಡಿದು ಮೋಟಾರು ಓಡಿಸುವುದು. ಒಂದು ಬಾಜೂ ತೆಂಗು, ಒಂದು ಬಾಜೂ ನೀರು. ಹೆಂಡತಿಗೆ ಮುಂಚೆ ಹೇಳಲಿಲ್ಲ. ಹೊರಡುವ ಹೊತ್ತಿಗೆ ಹೇಳಿ ಅವಳ ಮುಖ ನೋಡಬೇಕೆಂಬ ಆಸೆ.

ಗಂಡ ಹೆಂಡತಿ ಇಬ್ಬರೇ ಮೋಟಾರಿನಲ್ಲಿ ಕೂತು ನೀರು ನೋಡಲು ಹೋಗುತ್ತಾರೆಂದರೆ ಅವ್ವ ಬಾಳವ್ವ ಓಣಿಯನ್ನೆಲ್ಲ ಕೂಡಿಸಿ ನ್ಯಾಯ ಹಚ್ಚುತ್ತಿದ್ದಳು. ಅದಕ್ಕೆಂದೇ ಆ ಸುಳ್ಳು.

"ಅವ್ವಾ, ಹುಕ್ಕೇರಿ ಮಾವಾರಿಗೆ ಸ್ವಲ್ಪ ಆರಾಮಿಲ್ಲಂತ. ಇಕೀನ್ನ ಕರಕೊಂಡು ಹೋಗಿ ಬರ್ತೀನಿ."

ಬಾಳವ್ವನ ಕೈಯೊಳಗಿನ ಕಸಬರಿಗೆ ಕೆಳಗೆ ಬಿತ್ತು. ಮುರಿಗೆಪ್ಪನಿಗೆ ತಪ್ಪು ಹೊಳೆಯಿತು, ಆದರೆ ಹೊತ್ತು ಮೀರಿತ್ತು. ನಮ್ಮ ಕಡೆ ಹೆಣ್ಣುಮಗಳಿಗೆ ತವರಿನ ಸಾವನ್ನು ನೇರವಾಗಿ ಹೇಳುವ ರೂಢಿಯಿಲ್ಲ. ಅಪ್ಪ ತೀರಿದ್ದರೂ "ಸ್ವಲ್ಪ ಆರಾಮಿಲ್ಲ, ನೋಡಿ ಬರೂಣು ನಡಿ" ಎಂದೇ ಕರೆದೊಯ್ಯುತ್ತಾರೆ. ದಾರಿಯುದ್ದಕ್ಕೂ ಏನೇನೋ ಹೇಳಿ ನಗಿಸುತ್ತಾರೆ. ಮನೆ ಮುಂದೆ ಕೂತ ಮಂದಿಯನ್ನು ಕಂಡಾಗಲೇ ಅವಳಿಗೆ ತಿಳಿಯಬೇಕು. ಅದರ ಮೇಲೆ ಬಾಗಿಲಿಗೆ ಮೋಟಾರು ಬೇರೆ ಬಂದು ನಿಂತಿತ್ತು. ನೆಗಡಿಗೆ ಯಾರು ಮೋಟಾರು ತರುತ್ತಾರೆ?

"ಯಾವಾಗ ಆತು?" ಬಾಳವ್ವ ದನಿ ತಗ್ಗಿಸಿದಳು.

"ಏನೂ ಆಗಿಲ್ಲಬೇ. ಬರೇ ಥಂಡಿ ಜ್ವರ."

"ಗೊತ್ತಾತು ಬಿಡು. ಆಕಿ ಮುಂದ ಹಂಗ ಅನ್ನು. ಬಸರಿ ಹೆಂಗಸು."

ಅಡಿಗೆಮನೆಯಲ್ಲಿ ತಂಬಿಗೆ ಬಿದ್ದು ಉರುಳಿದ ಸದ್ದಾಯಿತು. ಮುರಿಗೆಪ್ಪ ಒಳಗೆ ಓಡಿದ. ಪಾರವ್ವ ಗೋಡೆಗೆ ಆತು ಕೂತು ಅಳುತ್ತಿದ್ದಳು. ಅವನು ಬಗ್ಗಿ ಪಿಸುಗುಟ್ಟಿದ:

"ಪಾರೂ, ನಿಮ್ಮಪ್ಪ ಗಟ್ಟಿಮುಟ್ಟ ಅದಾರ. ಅವ್ವಗ ಸುಳ್ಳು ಹೇಳೇನಿ. ಖರೆ ಅಂದ್ರ ನಾವು ಸಮುದ್ರ ನೋಡಾಕ ಹೊಂಟೇವಿ."

ಪಾರವ್ವ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಮೂರು ವರ್ಷ ಒಯ್ಯದವರು ಇವತ್ತ ಒಯ್ಯಾಕತ್ತೀರಿ. ನಮ್ಮ ದೊಡ್ಡಪ್ಪ ತೀರಿದಾಗ ಅವನ ಮಗಳಿಗೆ ಬಳಿ ಇಡಸ್ತೇವಿ ಅಂತ ಹೇಳಿ ಕರಕೊಂಡು ಬಂದಿದ್ರು. ನಾ ಏನು ಸಣ್ಣ ಕೂಸಲ್ರಿ. ನಡೀರಿ, ಅಪ್ಪನ ಮಾರಿ ಆದ್ರೂ ನೋಡತೀನಿ."

ಅವಳನ್ನು ನಗಿಸಬೇಕೆಂದು ಹೊರಟ ಮುರಿಗೆಪ್ಪ ಅಳಿಸಿ ಕೂರಿಸಿದ್ದ.

ಅಷ್ಟರಲ್ಲಿ ಬಾಳವ್ವನಿಂದ ಸುದ್ದಿ ತಿಳಿದು ಬಾಜೂ ಮನೆಯ ಅಪ್ಪಣ್ಣ ಕಾಕಾ ಬಂದ. ಗೋಕಾಕದಲ್ಲಿ ಅವನ ಕೈ ಹತ್ತದೆ ಯಾವ ಹೆಣವೂ ಮಣ್ಣು ಕಂಡಿರಲಿಲ್ಲ. ಹೆಗಲ ಮೇಲೆ ಗೋಣಿಚೀಲದ ತುಂಬ ಬಿಲ್ವಪತ್ರೆ, ಕಂಕುಳಲ್ಲಿ ವಿಭೂತಿ ಗಟ್ಟಿಗಳ ಗಂಟು. ಅವನ ಹಿಂದೆ, ಹಾಡಿಕೊಂಡು ಅಳುವುದರಲ್ಲಿ ಊರಿಗೇ ಹೆಸರಾದ ಲಕ್ಕವ್ವ.

"ನೀವ್ಯಾಕ ತ್ರಾಸ ತಗೋತೀರಿ ಕಾಕಾ?" ಎಂದ ಮುರಿಗೆಪ್ಪ.

"ಇಂಥಾ ಹೊತ್ತಿನಾಗ ತ್ರಾಸ ಏನು ಬಂತೋ? ಮೋಟಾರು ಖಾಲಿ ಐತಿ, ನಾವೂ ಕುಂದ್ರತೇವಿ."

ಹಿಂದೆ ಮೂವರು ಹೆಂಗಸರು ಕೂತರು. ಮುಂದೆ ಕೇದಾರಿಯ ಪಕ್ಕ ಕಾಕಾ, ಅವನ ತೊಡೆಯ ಮೇಲೆ ಬಿಲ್ವಪತ್ರೆ. ಮೋಟಾರು ತಂದ ಮುರಿಗೆಪ್ಪನಿಗೆ ಹೊರಗಿನ ಮೆಟ್ಟಿಲೊಂದೇ ಉಳಿಯಿತು. ಅದರ ಮೇಲೆ ನಿಂತು, ಕಿಟಕಿಯ ಕಂಬಿ ಹಿಡಿದು, ಧೂಳು ಕುಡಿಯುತ್ತ ಹೊರಟ.

ಗೋಕಾಕ ಫಾಲ್ಸಿನ ಹತ್ತಿರ ಬಂದಾಗ ನೀರಿನ ಭೋರ್ಗರೆತ ಕೇಳಿಸಿತು. ಅವನು ಕಿಟಕಿಯೊಳಗೆ ತಲೆ ತೂರಿಸಿ, "ಸಮುದ್ರದ ಸಪ್ಪಳ ಇದಕ್ಕಿಂತ ದೊಡ್ಡದು ನೋಡು ಪಾರೂ," ಎಂದ. ಪಾರವ್ವ ಬಿಕ್ಕಿದಳು. ಬಾಳವ್ವ ಮಗನ ಕೈ ತಟ್ಟಿ, "ಪಾಪ, ನಗಸಾಕ ನೋಡಾಕತ್ತಾನ," ಎಂದು ತಾನೂ ಅತ್ತಳು. ಲಕ್ಕವ್ವ ಮೆಲ್ಲಗೆ ರಾಗ ತೆಗೆಯತೊಡಗಿದಳು.

ಘಟಪ್ರಭೆಯ ಹತ್ತಿರ ಇಂಜಿನ್ನು ಹೊಗೆಯಾಡಿತು. ಕೇದಾರಿ ನೀರು ತರಲು ಹೋದಾಗ ಮುರಿಗೆಪ್ಪ ಗಟ್ಟಿ ಮನಸ್ಸು ಮಾಡಿ ಕಾಕಾನನ್ನು ಬೇವಿನ ಮರದ ಕೆಳಗೆ ಕರೆದ.

"ಕಾಕಾ, ನಿಮ್ಮ ಕಾಲು ಬೀಳ್ತೀನಿ. ಮಾವಾರು ಸತ್ತಿಲ್ಲ. ನಾವು ಸಮುದ್ರ ನೋಡಾಕ ಹೊಂಟಿದ್ವಿ."

ಕಾಕಾ ಗಂಟು ಬಿಚ್ಚಿ ಅವನ ಹಣೆಗೆ ದಪ್ಪಗೆ ವಿಭೂತಿ ಬಳಿದು, ಬಾಳವ್ವನಿಗೆ ಕೂಗಿ ಹೇಳಿದ: "ತಂಗೀ, ಹುಡುಗನ ತೆಲಿಗೆ ಏರೇತಿ. ಒಂದು ಕಣ್ಣು ಇಡು. ಕಂಬಿ ಬಿಟ್ಟು ಕೆಳಗ ಬಿದ್ದಾನ."

ಮುರಿಗೆಪ್ಪ ಬಾಯಿ ಮುಚ್ಚಿಕೊಂಡ. ಇನ್ನು ಉಳಿದದ್ದು ಒಂದೇ ಆಸೆ. ಹುಕ್ಕೇರಿಯಲ್ಲಿ ಮಾವ ಶಿದ್ಲಿಂಗಪ್ಪ ಎದುರಿಗೆ ಬಂದು ನಿಂತರೆ ಸಾಕು. ನಾಲ್ಕು ಬೈಗುಳ ತಿಂದು, ಈ ಮಂದಿಯನ್ನೆಲ್ಲ ಅಲ್ಲೇ ಇಳಿಸಿ, ಹೆಂಡತಿಯನ್ನು ಕೂರಿಸಿಕೊಂಡು ಸಂಕೇಶ್ವರದ ದಾರಿ ಹಿಡಿದರೆ ದೀಪ ಹಚ್ಚುವ ಹೊತ್ತಿಗಾದರೂ ಸಮುದ್ರ ಸಿಗುತ್ತದೆ.

ಮೋಟಾರು ಹುಕ್ಕೇರಿಯ ಓಣಿ ಹೊಕ್ಕಿತು. ಶಿದ್ಲಿಂಗಪ್ಪನ ಮನೆ ಮುಂದೆ ಮಂದಿ ಕೂತಿದ್ದರು. ಗಂಡಸರ ತಲೆಯ ಮೇಲೆ ಧೋತರದ ಸೆರಗು. ಹೆಂಗಸರ ಬಾಯಿಗೆ ಸೀರೆಯ ಸೆರಗು. ಒಳಗೆ ಒಲೆ ಹೊತ್ತಿದ ಹೊಗೆ ಇರಲಿಲ್ಲ.

ತಾನು ಬಾಯಿಗೆ ಬಂದದ್ದು ಹೇಳಿದೆ, ಅದು ಖರೆಯಾಯಿತೇ? ಮಾವನನ್ನು ನಾನೇ ಕೊಂದೆ ಎಂದು ಮುರಿಗೆಪ್ಪನಿಗೆ ಖಾತ್ರಿಯಾಯಿತು. ಪಾರವ್ವ "ಅಪ್ಪಾ" ಎನ್ನುತ್ತ ಇಳಿದು ಓಡಿದಳು. ಒಳಗಿನಿಂದ ಶಿದ್ಲಿಂಗಪ್ಪನ ತಂಗಿ ಸುಂದ್ರವ್ವ ಎದೆ ಬಡಿದುಕೊಳ್ಳುತ್ತ ಬಂದು ಅವಳನ್ನು ತಬ್ಬಿದಳು.

"ಇಷ್ಟು ಸಣ್ಣ ವಯಸ್ಸಿನಾಗ ನಿನ್ನ ಹಣಿ ಹಿಂಗ ಆತಲ್ಲ ನನ್ನವ್ವಾ..." ಎಂದು ಶುರುಮಾಡಿದವಳು, ಮೆಟ್ಟಿಲ ಮೇಲೆ ನಿಂತ ಮುರಿಗೆಪ್ಪನನ್ನು ಕಂಡು ಅರ್ಧಕ್ಕೇ ನಿಲ್ಲಿಸಿದಳು. "ಅಳಿಯಂದ್ರ, ನೀವು... ಅದೀರಿ?"

"ನಾನು ಅದೇನ್ರಿ. ಮಾವಾರು ಎಲ್ಲಿ?"

ಸುಂದ್ರವ್ವ ಅಲ್ಲೇ ಕುಸಿದು ಕೂತಳು. "ಮುಂಜಾನಿ ಅಣ್ಣ ಬಂದು, ಗೋಕಾಕದಾಗ ಅಳಿಯಗ ಸ್ವಲ್ಪ ಆರಾಮಿಲ್ಲ, ನೋಡಿ ಬರ್ತೇವಿ ಅಂತ ಹೇಳಿ ಅತ್ತಿಗೀನ್ನ ಮೋಟಾರದಾಗ ಕುಂದ್ರಿಸಿಕೊಂಡು ಹೋದ. ನಮಗ ತಿಳೀತು. ಅವಾಗಿಂದ ಒಲಿ ಹಚ್ಚಿಲ್ಲ."

"ದಾರ್ಯಾಗ ಯಾವ ಮೋಟಾರೂ ಸಿಗಲಿಲ್ಲಲಾ?" ಎಂದ ಕಾಕಾ.

"ಸಂಕೇಶ್ವರದ ಕಡೆ ಹೋತ್ರಿ. ದುಃಖದಾಗ ದಾರಿ ತಪ್ಪಿರಬೇಕು ಅಂದ್ವಿ. ಅತ್ತಿಗಿ ಹೊಸಾ ಇಳಕಲ್ಲ ಸೀರಿ ಉಟ್ಟಿದ್ಲು. ಎರಡು ದಿನದ ಬುತ್ತಿ ಕಟಗೊಂಡಿದ್ಲು. ಅದೂ ದುಃಖದಾಗ ಅಂದ್ವಿ."

ಕೇದಾರಿ ಮುರಿಗೆಪ್ಪನ ಕಿವಿಯ ಹತ್ತಿರ ಬಂದ. "ಆ ಮೋಟಾರದವ ನಮ್ಮ ದೋಸ್ತ ರೀ. ಹುಕ್ಕೇರಿ ಹಿರ್ಯಾರೊಬ್ಬರು ಹೇಣ್ತಿಗೆ ಸಮುದ್ರ ತೋರ್ಸಾಕ ವೆಂಗುರ್ಲೆಕ್ಕ ಹೊಂಟಾರ ಅಂತ ನಿನ್ನಿ ಹೇಳಿದ್ದ."

ಮುರಿಗೆಪ್ಪ ಹೆಂಡತಿಯ ಕಡೆ ನೋಡಿದ. ಪಾರವ್ವನಿಗೂ ಕೇಳಿಸಿತ್ತು. ಅವಳ ಅಳು ನಿಂತಿತ್ತು. ಓಣಿಯ ಮಂದಿಯೆಲ್ಲ, ಹಾಗಾದರೆ ಶಿದ್ಲಿಂಗಪ್ಪ ಹೋದದ್ದು ಎಲ್ಲಿಗೆ, ಹೇಳಿದ್ದು ಸುಳ್ಳೇ ಎಂದು ಮುರಿಗೆಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಅರವತ್ತು ವರ್ಷದ ಮಾವನ ಮರ್ಯಾದೆ ಅಳಿಯನ ಒಂದು ಮಾತಿನ ಮೇಲೆ ನಿಂತಿತ್ತು.

ಆ ಮಾತನ್ನು ಪಾರವ್ವನೇ ಆಡಿದಳು. "ಅಪ್ಪ ಸುಳ್ಳು ಹೇಳಿಲ್ಲ ಅತ್ತಿ. ಇವರಿಗೆ ಖರೇನ ಆರಾಮಿಲ್ಲ. ಅಪ್ಪ ಸಂಕೇಶ್ವರಕ್ಕ ಔಷಧ ತರಾಕ ಹೋಗಿರಬೇಕು."

"ನಾ ಹೇಳಲಿಲ್ಲೇನು, ತೆಲಿಗೆ ಏರೇತಿ ಅಂತ," ಎಂದ ಅಪ್ಪಣ್ಣ ಕಾಕಾ.

ನಾಲ್ಕು ಜನ ಹಿಡಿದು ಮುರಿಗೆಪ್ಪನನ್ನು ಒಳಗೊಯ್ದು ಮಲಗಿಸಿದರು. ಮೈಮೇಲೆ ಎರಡು ಕಂಬಳಿ ಬಿದ್ದವು. ಬೀಗರು ಬರುವತನಕ ಮಗನನ್ನು ಏಳಗೊಡುವುದಿಲ್ಲವೆಂದು ಬಾಳವ್ವ ಹೊಸ್ತಿಲಲ್ಲೇ ಕೂತಳು. ಹೊರಗೆ ಕೇದಾರಿ ಖಾಲಿ ಮೋಟಾರನ್ನು ಗೋಕಾಕದ ಕಡೆ ತಿರುಗಿಸಿಕೊಂಡು ಹೋದ ಸಪ್ಪಳ ಕೇಳಿಸಿತು.

ಪಾರವ್ವ ಬೇವಿನ ಕಷಾಯದ ಬಟ್ಟಲು ತಂದು ತಲೆದಿಂಬಿನ ಹತ್ತಿರ ಕೂತಳು.

"ಪಾರೂ," ಎಂದ ಮುರಿಗೆಪ್ಪ ಕಂಬಳಿಯೊಳಗಿಂದ, "ನಾ ಹೇಳಿದ್ದು ಖರೆ ಇತ್ತು."

"ಗೊತ್ತಾತು. ಕುಡೀರಿ," ಎಂದಳು ಪಾರವ್ವ. "ಸಮುದ್ರ ಹೆಂಗೈತಿ ಅಂತ ನಾಳಿ ಅಪ್ಪ ಬಂದು ಹೇಳ್ತಾನ."