ಕರಿಬೇವನ್ನು ಬಿಟ್ಟು ಯುರೋಪಿಗೆ

ಯುರೋಪಿಗೆ ಹೋಗುವುದಕ್ಕೆ ಧನಂಜಯನದೇನೂ ತಕರಾರಿರಲಿಲ್ಲ. ಕರಿಬೇವಿನ ಗಿಡವನ್ನು ಜೊತೆಗೆ ಕರೆದುಕೊಂಡು ಹೋಗಲಾಗುವುದಿಲ್ಲವಲ್ಲ ಎಂಬುದೊಂದೇ ಅವನ ಸಂಕಟ.

ಅದೇನು ಸಾಮಾನ್ಯ ಗಿಡವೇ? ಆಕ್ಲೆಂಡಿನ ಚಳಿಗೆ ಕರಿಬೇವು ಬದುಕುವುದೇ ಹೆಚ್ಚು. ಊರಿನ ಕನ್ನಡಿಗರ ಮನೆಗಳಲ್ಲಿ ಅದೆಷ್ಟೋ ಗಿಡಗಳು ಒಂದೇ ಚಳಿಗಾಲಕ್ಕೆ ಗೊಟಕ್ ಎಂದಿದ್ದವು. ಆದರೆ ನ್ಯೂ ಲಿನ್ ಬಡಾವಣೆಯಲ್ಲಿದ್ದ ಧನಂಜಯನ ಮನೆಯಲ್ಲಿ ಮಾತ್ರ ಆಳೆತ್ತರದ ಗಿಡವೊಂದು ಕುಂಡದಲ್ಲಿ ನಳನಳಿಸುತ್ತಿತ್ತು. ಅದಕ್ಕೆ ವಾರಕ್ಕೊಮ್ಮೆ ಹುಳಿ ಮಜ್ಜಿಗೆಯ ಅಭಿಷೇಕ, ಹಗಲು ಉತ್ತರದ ಕಿಟಕಿಯ ಬಿಸಿಲು, ಕತ್ತಲಾದರೆ ಹೀಟರು, ಮೈತುಂಬ ಬಿಳಿ ಹೊದಿಕೆ. ("ನನಗೆ ಒಂದಿನ ಹೊದಿಸಿದೀರಾ?" ಎಂದು ಹೆಂಡತಿ ವಿಜಯಶ್ರೀ ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಅವನು ಉತ್ತರ ಕೊಡಲಿಲ್ಲ.) ಎಲೆ ಕೀಳುವ ಪರಮಾಧಿಕಾರ ಅವನೊಬ್ಬನದೇ. ಒಗ್ಗರಣೆ ಚಟಪಟ ಎನ್ನುವಾಗ ಅವಳು ಅಡುಗೆಮನೆಯಿಂದ ಕೂಗಿದರೆ, ಅವನು ಕನ್ನಡಕ ಹುಡುಕಿ ಹಾಕಿಕೊಂಡು, ಗಿಡಕ್ಕೊಂದು ಪ್ರದಕ್ಷಿಣೆ ಬಂದು, ಎರಡೇ ಎರಡು ಎಲೆ ತಂದುಕೊಡುವಷ್ಟರಲ್ಲಿ ಸಾಸಿವೆ ಕರಕಲಾಗಿರುತ್ತಿತ್ತು.

ವಿಜಯಶ್ರೀ ಆಸ್ಪತ್ರೆಯಲ್ಲಿ ನರ್ಸು. ಶಿಫ್ಟಿನ ಮೇಲೆ ಶಿಫ್ಟು ಮಾಡಿ, ರಜೆಗಳನ್ನೆಲ್ಲ ಉಪ್ಪಿನಕಾಯಿಯ ಹಾಗೆ ಕೂಡಿಟ್ಟು, ಕೊನೆಗೊಂದು ದಿನ ಘೋಷಿಸಿದಳು.

"ಪೋರ್ಚುಗಲ್, ಸ್ಪೇನ್, ಇಟಲಿ, ಗ್ರೀಸ್. ಬಾವುಟ ಹಿಡ್ಕೊಂಡು ಓಡಿಸ್ತಾರಲ್ಲ, ಆ ಥರ ಟೂರ್ ಬೇಡ. ಒಂದೊಂದು ಊರಲ್ಲೂ ಕಾಲು ಚಾಚ್ಕೊಂಡು ಕೂತು ಕಾಫಿ ಕುಡೀಬೇಕು."

"ಜುಲೈನಲ್ಲೇ ಹೋಗ್ಬೇಕಾ? ಆಗ ಇಲ್ಲಿ ಚಳಿ ಕಣೇ."

"ಇಲ್ಲಿ ಚಳಿ ಅಂತಾನೇ ಅಲ್ಲಿಗೆ ಹೋಗ್ತಿರೋದು."

"ನಮಗಲ್ಲ, ಅದಕ್ಕೆ ಚಳಿ ಆಗುತ್ತೆ."

ಅವಳು ಅವನನ್ನೂ ಗಿಡವನ್ನೂ ಒಮ್ಮೆ ನೋಡಿ, ಟಿಕೆಟ್ ಎರಡೇ ಬುಕ್ ಮಾಡಿದಳು.

ಹೊರಡುವ ಹಿಂದಿನ ದಿನ ಗಿಡವನ್ನು ಅದೇ ಊರಿನ ಸ್ಯಾಂಡ್ರಿಂಗಮ್‌ನಲ್ಲಿದ್ದ ವಿಜಯಶ್ರೀಯ ಗೆಳತಿ ಚಂದ್ರಿಕಾಳ ಮನೆಗೆ ಸಾಗಿಸಲಾಯಿತು. ಮಗಳನ್ನು ಗಂಡನ ಮನೆಗೆ ಬಿಡಲು ಹೋದ ಅಪ್ಪನ ಹಾಗಿತ್ತು ಧನಂಜಯನ ಮುಖ. ಕುಂಡ ಎತ್ತಿ ಬೆನ್ನು ಹಿಡಿದುಕೊಂಡಿದ್ದ ಚಂದ್ರಿಕಾಳ ಗಂಡ ರಘುನಾಥ್ ಪಾಪ ಸೋಫಾದಲ್ಲಿ ಒರಗಿದ್ದರು.

"ಮಜ್ಜಿಗೆ ಚೆನ್ನಾಗಿ ಹುಳಿ ಬಂದಿರ್ಬೇಕು. ಯಾರೇ ಬಂದು ಕೇಳಿದ್ರೂ ಒಂದೆಲೆ ಕೊಡಕೂಡದು. ನನ್ನ ಕೇಳ್ದೆ ಮುಟ್ಟೋ ಹಾಗಿಲ್ಲ."

"ಆಯ್ತು ಧನಂಜಯ ಅವ್ರೇ, ನಿಮ್ಮನ್ನ ಕೇಳ್ದೆ ಮುಟ್ಟಲ್ಲ," ಎಂದಳು ಚಂದ್ರಿಕಾ. ಅವಳು ಮಾತಿಗೆ ತಪ್ಪುವ ಹೆಂಗಸಲ್ಲ.

ಯುರೋಪಿನಲ್ಲಿ ಬೆಳಗಾಗುವ ಹೊತ್ತಿಗೆ ಆಕ್ಲೆಂಡಿನಲ್ಲಿ ಸಂಜೆ. ಹಾಗಾಗಿ ಲಿಸ್ಬನ್ನಿನ ಬೀದಿಗಳಲ್ಲಿ ಹಳದಿ ಟ್ರಾಮು ಕಿಣಿಕಿಣಿ ಏರುವ ಚೆಂದದ ಹೊತ್ತಿನಲ್ಲೇ ಧನಂಜಯ ವಿಡಿಯೋ ಕಾಲ್ ಹಚ್ಚಿಕೊಂಡು ಕೂರುತ್ತಿದ್ದ. ಸೆವಿಲ್‌ನಲ್ಲಿ ವಿಜಯಶ್ರೀ ಕಿತ್ತಳೆ ಮರದ ನೆರಳಲ್ಲಿ ಕಾಫಿ ತರಿಸಿದರೆ, ಇವನು ಫೋನಿನೊಳಗೆ ಮುಖ ತೂರಿಸಿ, "ಸ್ವಲ್ಪ ಎಡಕ್ಕೆ ತಿರುಗ್ಸಿ ಚಂದ್ರಿಕಾ ಅವ್ರೇ. ಫೋನಲ್ಲ, ಕುಂಡ" ಎನ್ನುತ್ತಿದ್ದ. ಅದನ್ನೆಲ್ಲ ಚಿತ್ರ ತೆಗೆದು ಆಕ್ಲೆಂಡಿನ ಕನ್ನಡ ಬಳಗದ ವಾಟ್ಸಾಪಿಗೆ ಹಾಕುತ್ತಿದ್ದ. ವಿಜಯಶ್ರೀ ಹಾಕಿದ ಅರಮನೆಗೆ ಒಂದೋ ಎರಡೋ ಹೆಬ್ಬೆರಳು ಬಂದರೆ, ಇವನ ಕರಿಬೇವಿಗೆ ರಾಶಿ ರಾಶಿ ಕೆಂಪು ಹೃದಯ. "ಎಲ್ಲಿದೆ ಸರ್ ಈಗ? ಹೋಗಿ ನೋಡ್ಬಹುದಾ?" ಎಂದು ಜನ ಕೇಳಿದರು. ಉಬ್ಬಿಹೋದ ಧನಂಜಯ ಚಂದ್ರಿಕಾಳ ವಿಳಾಸ ಹಾಕಿ, ದರ್ಶನಕ್ಕೆ ಅಡ್ಡಿಯಿಲ್ಲ, ಸ್ಪರ್ಶ ನಿಷಿದ್ಧ ಎಂದು ಬರೆದ.

ಫ್ಲಾರೆನ್ಸಿನಲ್ಲಿ ಜಗತ್ತೇ ಕತ್ತೆತ್ತಿ ನೋಡುವ ಗುಮ್ಮಟದ ಕೆಳಗೆ ಅವನು ಕತ್ತು ಬಗ್ಗಿಸಿ ನಿಂತಿದ್ದಾಗ ವಿಜಯಶ್ರೀಯ ತಾಳ್ಮೆ ಮುಗಿಯಿತು.

"ರೀ, ನಾನು ಈ ಊರಿಗೆ ಯಾರ ಜೊತೆ ಬಂದಿದೀನಿ?"

"ನನ್ ಜೊತೆ."

"ನೀವು ಯಾರ ಜೊತೆ ಬಂದಿದೀರಿ?"

ಅವನು ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ತಪ್ಪಾಯಿತು.

ದೇವರು ದೊಡ್ಡವನು, ಅವನ ಸಮುದ್ರವೂ ದೊಡ್ಡದು. ಗ್ರೀಸಿನಲ್ಲಿ ನಾಕ್ಸೋಸ್ ದ್ವೀಪಕ್ಕೆ ಹೋಗುವ ಹಡಗಿನಲ್ಲಿದ್ದಾಗ ಚಂದ್ರಿಕಾ ವಿಡಿಯೋ ಕಾಲಿನಲ್ಲಿ, "ನಮಗೂ ಸ್ವಲ್ಪ ಸಮುದ್ರ ತೋರ್ಸಿ" ಎಂದಳು. ಧನಂಜಯ ಕಟಕಟೆಯಾಚೆ ಕೈ ಚಾಚಿದ. ಫೋನು ಬುಳುಕ್ ಎಂದು ನೀರಿಗೆ ಬಿದ್ದು ಹೋಯಿತು.

ಒಂದು ದಿನ ಅವನು ಶೋಕ ಆಚರಿಸಿದ. ಮರುದಿನ ಮಾಡಲು ಬೇರೆ ಕೆಲಸವಿಲ್ಲದೆ ಸಮುದ್ರ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಬಿಸಿಲಿಗೆ ಕೆಂಪಾದ ಮುಖ, ಒಣಹುಲ್ಲಿನ ಟೋಪಿ, ಕೈಯಲ್ಲಿ ಅರ್ಧ ಕಚ್ಚಿದ ಪೀಚ್ ಹಣ್ಣು. ಇವಳು ಇಷ್ಟು ಚೆನ್ನಾಗಿದ್ದಾಳೆ ಎಂದು ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಅಲ್ಲಿಂದ ಶುರುವಾಯಿತು ನೋಡಿ ಆರಾಮದ ಪ್ರವಾಸ. ಬೆಳಿಗ್ಗೆ ಈಜು, ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ಊಟ, ಊಟದ ಜೊತೆ ಊರಿನವರು ಬೇಡವೆಂದರೂ ಸುರಿಯುವ ದ್ರಾಕ್ಷಾರಸ, ಆಮೇಲೆ ಅಲ್ಲೇ ಕುರ್ಚಿಯಲ್ಲಿ ನಿದ್ದೆ.

"ವಿಜೀ, ನಾವ್ಯಾಕೆ ಇಷ್ಟು ವರ್ಷ ಹಿಂಗೆ ಬದುಕ್ಲಿಲ್ಲ?" ಎಂದು ಅವನು ಕೇಳಿದಾಗ ಅವಳ ಕಣ್ಣಲ್ಲಿ ನೀರಾಡಿತು. ಅವಳಿಗೆ ಅಷ್ಟು ಸಂತೋಷವಾಗಿತ್ತು. ಅಂಥದ್ದೇ ಒಂದು ಮಧ್ಯಾಹ್ನ ಅವಳ ಫೋನಿಗೆ ಚಂದ್ರಿಕಾಳಿಂದ ಏನೋ ಪ್ರಶ್ನೆ ಬಂತು. ಧನಂಜಯ ಗ್ಲಾಸು ಹಿಡಿದುಕೊಂಡೇ ಫೋನಿಗೆ ಎರಡು ಮಾತು ಹೇಳಿ ನಿದ್ದೆಹೋದ.

ಆಕ್ಲೆಂಡಿಗೆ ವಾಪಸಾದ ಸಂಜೆ ಚಂದ್ರಿಕಾಳ ಮನೆಯಲ್ಲೇ ಊಟ. ಒಳಗೆ ಕಾಲಿಡುತ್ತಲೇ ಧನಂಜಯನ ಕಣ್ಣು ಮೂಲೆಗೆ ಹೋಯಿತು. ಗಿಡ ತಲೆಯಿಂದ ಬುಡದವರೆಗೆ ಹೊದಿಕೆ ಹೊದ್ದು ಬೆಚ್ಚಗೆ ನಿಂತಿತ್ತು. ಮಲಗಿರುವುದನ್ನು ಎಬ್ಬಿಸುವುದು ಬೇಡವೆಂದು ಅವನು ನೇರವಾಗಿ ಊಟಕ್ಕೆ ಕೂತ.

ವಾರಗಟ್ಟಲೆ ಬ್ರೆಡ್ಡು, ಟೊಮೆಟೊ ತಿಂದ ನಾಲಿಗೆ ಅದು. ಮೊದಲ ತುತ್ತು ಸಾರನ್ನಕ್ಕೇ ಅವನು ಕಣ್ಣು ಮುಚ್ಚಿದ. ಚಿತ್ರಾನ್ನ, ಗೊಜ್ಜು, ಮಜ್ಜಿಗೆ ಹುಳಿ, ಯಾವುದರಲ್ಲಿ ಕೈಯಿಟ್ಟರೂ ಕರಿಬೇವಿನ ಘಮ. ಎಲ್ಲರೂ ಮಾಡುವಂತೆ ಅವನೂ ಎಲೆಗಳನ್ನು ಆರಿಸಿ ತಟ್ಟೆಯ ಅಂಚಿಗೆ ಸರಿಸುತ್ತ ಗಬಗಬ ಉಂಡ.

"ಚಂದ್ರಿಕಾ ಅವ್ರೇ, ಈ ಚಳೀಲಿ ಇಂಥ ಕರಿಬೇವು ಎಲ್ಲಿ ಸಿಕ್ತು ನಿಮಗೆ?"

ರಘುನಾಥ್ ತಟ್ಟೆಯೊಳಗೆ ಏನನ್ನೋ ಹುಡುಕತೊಡಗಿದರು.

"ನಿಮ್ದೇ ಅಲ್ವಾ," ಎಂದಳು ಚಂದ್ರಿಕಾ. "ಕೊನೇ ನಾಕು ಎಸಳಿತ್ತು. ನೀವು ಬರ್ತೀರಲ್ಲ ಅಂತ ಇವತ್ತು ಹಾಕ್ಬಿಟ್ಟೆ."

ಧನಂಜಯನ ತುತ್ತು ಬಾಯಲ್ಲೇ ನಿಂತಿತು. "ನನ್ನ ಕೇಳ್ದೆ..."

"ಕೇಳಿದ್ನಲ್ಲ. ನೋಡೋಕೆ ಬಂದೋರೆಲ್ಲ ಒಂದೆಸಳು ಕೊಡಿ ಅಂತಿದ್ರು. ಕುಂಕುಮ ಕೊಟ್ಟು ಬರಿಗೈಲಿ ಕಳ್ಸೋದು ಹೇಗೆ? ಕೊಡ್ಲಾ ಅಂತ ಕೇಳ್ದೆ, ನೀವೇ ಹೇಳಿದ್ರಿ." ಅವಳು ಫೋನು ತೆಗೆದು ಒತ್ತಿದಳು.

ಹಿಂದೆ ಅಲೆಗಳ ಸದ್ದು. ಮುಂದೆ ಧನಂಜಯನದೇ ದನಿ, ಬೆಣ್ಣೆಯಷ್ಟು ಮೆತ್ತಗೆ. "ಕೊಡೀ ಚಂದ್ರಿಕಾ ಅವ್ರೇ, ಕೇಳ್ದೋರಿಗೆಲ್ಲ ಕೊಡಿ. ಎಲೆ ಇರೋದು ತಿನ್ನೋಕೆ ತಾನೆ? ಕಾವಲು ಕಾದು ನಾನೇನ್ ಸಂಪಾದಿಸ್ದೆ? ಬಳಗಕ್ಕೆಲ್ಲ ಹೇಳ್ಬಿಡಿ, ಬಂದು ಕಿತ್ಕೊಂಡು ಹೋಗ್ಲಿ..." ಮುಂದಿನದು ಗೊರಕೆ.

"ಅದನ್ನೇ ಗ್ರೂಪಿಗೆ ಹಾಕ್ದೆ. ಗೊರಕೆ ಸಮೇತ. ಎಲ್ರೂ ನಿಮ್ಮನ್ನ ದಾನಶೂರ ಅಂತಿದಾರೆ."

ಅವನು ಎದ್ದು ಹೋಗಿ ಹೊದಿಕೆ ಸರಿಸಿದ. ಕುಂಡದಲ್ಲಿ ಒಂದು ಉದ್ದನೆ ಕೋಲು, ಅದಕ್ಕೆ ನಾಲ್ಕು ಕಡ್ಡಿ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಅಪರಾಧಿ ಫೋನಿನೊಳಗೆ ಇನ್ನೂ ಗೊರಕೆ ಹೊಡೆಯುತ್ತಿದ್ದ. ವಿಜಯಶ್ರೀ ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, "ಇನ್ನೊಂದ್ಸಲ ಹಾಕೇ ಚಂದ್ರಿಕಾ" ಎಂದಳು.

ಧನಂಜಯ ವಾಪಸು ಬಂದು ಕೂತ. ತಟ್ಟೆಯ ಅಂಚಿನಲ್ಲಿ ತಾನೇ ಎತ್ತಿಟ್ಟಿದ್ದ ಎಲೆಗಳನ್ನು ಒಂದೊಂದಾಗಿ ಬಾಯಿಗಿಟ್ಟು, ಕಣ್ಣುಮುಚ್ಚಿ ಅಗಿದು ನುಂಗಿದ. ವಿಜಯಶ್ರೀ ತನ್ನ ತಟ್ಟೆಯ ಎಲೆಗಳನ್ನು ಅವನ ತಟ್ಟೆಗೆ ಹಾಕಿದಳು. ಅವನ್ನೂ ತಿಂದ. ಆಮೇಲೆ ಅವನ ಕಣ್ಣು ಮೆಲ್ಲಗೆ ಮೇಜಿನ ಆಚೆ ಬದಿಗೆ ಹೋಯಿತು.

"ರಘುನಾಥ್ ಅವ್ರೇ," ಎಂದ ಸಣ್ಣ ದನಿಯಲ್ಲಿ, "ನೀವು ಅದನ್ನ ತಿನ್ನಲ್ವಾ?"