ಭಾವನ ಬೀಳುವ ವಿದ್ಯೆ

ನಮ್ಮ ಭಾವನಷ್ಟು ಶಾಸ್ತ್ರೋಕ್ತವಾಗಿ ಬೀಳಬಲ್ಲವರು ಅಮೆರಿಕದ ಈ ಇಡೀ ಲಾಂಗ್ ಐಲೆಂಡಿನಲ್ಲಿ ಮತ್ತೊಬ್ಬರಿಲ್ಲವೆಂದು ಯಾವ ಸಭೆಯಲ್ಲಿ ಬೇಕಾದರೂ ಸಾಧಿಸಬಲ್ಲೆ!

ಕಂಪ್ಯೂಟರ್ ಭಾಷೆ ಜಾವಾದ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಿದವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು. ಜನ ಆರೇ ವಾರದಲ್ಲಿ ಪ್ರವೀಣರಾಗುತ್ತಿದ್ದರು. ಭಾವ ಮಾತ್ರ ಪಕ್ಕದ ಊರು ಹಿಕ್ಸ್‌ವಿಲ್‌ನಲ್ಲಿ ಕಾದಾಟದ ವಿದ್ಯೆ ಕಲಿಸುವ ಒಬ್ಬ ಜಪಾನಿ ಗುರುಗಳನ್ನು ಹಿಡಿದು, ವರ್ಷಗಟ್ಟಲೆ ಬರೀ ಬೀಳುವುದನ್ನೇ ಕಲಿತರು.

“ಹೊಡೆಯೋದು ಯಾವಾಗ ಭಾವ?”

“ಹೊಡೆಯೋದು ಹೊರಗಿನದು ಕಣೋ. ಇದು ಒಳಗಿನ ವಿದ್ಯೆ. ಮೆಟ್ಟಿಲು ಮೆಟ್ಟಿಲಾಗೇ ಹತ್ಬೇಕು.”

“ಬೀಳೋಕೂ ಮೆಟ್ಟಿಲೇನ್ರೀ?” ಅಡುಗೆಮನೆಯಿಂದ ಅಕ್ಕ.

ವಿದ್ಯೆ ಸುಳ್ಳಾಗಲಿಲ್ಲ. ಸ್ಟೇಷನ್ನಿನ ಮಂಜುಗಡ್ಡೆಯ ಮೇಲೆ ಜಾರಿದ ಭಾವ ಚೆಂಡಿನಂತೆ ಉರುಳಿ ಎದ್ದು ನಿಂತರು. ಒಂದು ಗೀರೂ ಇಲ್ಲ! ರೈಲು ಮಾತ್ರ ಹೋಗಿತ್ತು.

ಎರಡನೆಯ ಮೆಟ್ಟಿಲು ನಿಲ್ಲುವುದು. ಮಂಡಿ ಸಡಿಲ, ಭುಜ ಸಡಿಲ, ಉಸಿರು ಹೊಕ್ಕುಳಿನ ಕೆಳಗೆ. ಅದೇ ಹೊತ್ತಿಗೆ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಭಾವ ಮೆಟ್ಟಿಲು ಬಿಟ್ಟರೇ? ಕೀಮೋ ವಾರ್ಡಿನ ಹೊರಗೆ ಕಣ್ಣು ಮುಚ್ಚಿ, ಮಂಡಿ ಬಗ್ಗಿಸಿ ನಿಂತುಬಿಟ್ಟರು. ಗಾಬರಿಗೊಂಡ ನರ್ಸು ಅವರಿಗೂ ಒಂದು ವೀಲ್‌ಚೇರ್ ತಂದಳು.

“ಕೂತ್ಕೊಳ್ರೀ, ಜೋಡಿಯಾಗೇ ಹೋಗೋಣ,” ಎಂದಳು ಅಕ್ಕ. ನಗಬೇಕೋ ಬೇಡವೋ ತಿಳಿಯದೆ ನಾನು ಗೋಡೆ ನೋಡಿದೆ.

ಮೂರನೆಯ ಮೆಟ್ಟಿಲಿಗೆ ಇನ್ನೊಬ್ಬರು ಬೇಕು. ಅವರು ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಬೇಕು. ಇವರು ಬಲ ಹಾಕದೆ, ಹಿಡಿದವರ ಭಾರ ಎಲ್ಲಿದೆಯೆಂದು ಒಳಗಿನಿಂದಲೇ ಅರಿತು ಬಿಡಿಸಿಕೊಳ್ಳಬೇಕು. ಮನೆಯ ಅಭ್ಯಾಸಕ್ಕೆ ಅಕ್ಕನೇ ಜೊತೆ. ಚಪಾತಿ ಹಿಟ್ಟು ನಾದಿದ ಕೈ. ಭಾವ ತಿಂಗಳುಗಟ್ಟಲೆ ಸೋತರು. ಕೊನೆಗೊಂದು ದಿನ ತರಗತಿಯಲ್ಲಿ, ಆನೆಯಂಥ ಫೈರ್‌ಮನ್ ಒಬ್ಬನ ಮುಷ್ಟಿಯಿಂದ ಸೋಪಿನ ಹಾಗೆ ಜಾರಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡೆ. ಗುರುಗಳು ಹೊಗಳಲಿಲ್ಲ, ತಲೆಯನ್ನು ತುಸು ಬಾಗಿಸಿದರು. ಅಲ್ಲಿ ಅದೇ ಪದವಿಪ್ರದಾನ.

ಚಳಿಗಾಲ ಮುಗಿಯುವಷ್ಟರಲ್ಲಿ ಡಾಕ್ಟರು ಇನ್ನು ಔಷಧಿ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು. ಗೆಳೆಯರು ಡಬ್ಬಿ ಡಬ್ಬಿ ಬಿಸಿಬೇಳೆಬಾತ್ ತಂದರು. ಅಕ್ಕನಿಗೆ ಗಂಜಿಯೂ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೋದಾಗ ಭಾವ ಅವಳ ಮಂಚದ ಅಂಚಿನಲ್ಲಿ ಕೂತಿದ್ದರು. ಚಮಚವೂ ನಿಲ್ಲದ ಆ ಬೆರಳುಗಳು ಅವರ ಮಣಿಕಟ್ಟಿನ ಮೇಲಿದ್ದವು. ಭಾವ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದರು.

“ಇಷ್ಟು ವರ್ಷ ಕಲ್ತು... ಇಷ್ಟೇನಾ?” ಅಕ್ಕನ ತುಟಿಯಲ್ಲಿ ನಗು.

“ಏನು ಹಿಡಿತವೇ ನಿಂದು! ಬಿಡ್ಬೇಡ ಕಣೇ. ಇನ್ನೊಂದ್ಸಲ ನೋಡ್ತೀನಿ.”