ಮಿರಗದ ಗುಂಡಿ

“ಮಿರಗಕ್ಕ ನೆಟ್ಟದ್ದನ್ನ ದೇವರು ಬಂದ್ರೂ ಕೀಳಾಕ ಆಗಂಗಿಲ್ಲ! ತಿಳಕೋ!”

ಸಿದ್ದಲಿಂಗಪ್ಪ ಚಹದ ಬಟ್ಟಲನ್ನು ನೆಲಕ್ಕೆ ಕುಕ್ಕಿ ಹೀಗೆ ಘೋಷಿಸಿದಾಗ ಮುಂಬಯಿಯ ಜೋಗೇಶ್ವರಿಯ ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿರಲಿಲ್ಲ. ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಅದು. ಯುಗಾದಿ ಆಗಷ್ಟೇ ಮುಗಿದಿತ್ತು. ಮಿರಗ, ಅಂದರೆ ಪಂಚಾಂಗದವರು ಹೇಳುವ ಮೃಗಶಿರಾ ಮಳೆ, ಇನ್ನೂ ಎರಡು ತಿಂಗಳ ಆಚೆ ಇತ್ತು. ಆದರೆ ಘೋಷಣೆಗೆ ಮಳೆ ಯಾಕೆ ಬೇಕು?

ಘೋಷಿಸುವ ಅಧಿಕಾರವೂ ಅವನಿಗಿತ್ತು. ಧಾರವಾಡದ ಕಡೆಯ ಒಕ್ಕಲು ಮನೆತನ. ಅವನ ಅಜ್ಜ ಮುಗಿಲು ನೋಡಿಯೇ ಮಳೆ ಹೇಳುತ್ತಿದ್ದನಂತೆ. ಸಿದ್ದಲಿಂಗಪ್ಪ ಮಾತ್ರ ಒಂದು ದಿನವೂ ಕುಂಟೆ ಹಿಡಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಮುಂಬಯಿಯ ರೈಲು ಹತ್ತಿ, ಫೋರ್ಟಿನ ಹತ್ತಿ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ಕೂತವನು. ಆದರೇನು, ರಕ್ತ ರೈತನದಲ್ಲವೇ!

ವಿಷಯ ಒಂದು ಮಾವಿನ ಸಸಿಯದು. ಅವನ ಹೆಂಡತಿ ಬಸಲಿಂಗವ್ವನ ತವರಿನ ಹಿತ್ತಲಲ್ಲಿ ಅವಳ ತಾಯಿ ನೆಟ್ಟ ಮಾವಿನ ಮರವಿತ್ತು. ತಾಯಿ ತೀರಿಕೊಂಡಳು. ಹಿಂದಿನ ವರ್ಷದ ಗಾಳಿಗೆ ಮರವೂ ಉರುಳಿತು. ಅದಕ್ಕೆ ಮೊದಲೇ ತಂದೆ ಕಾಶಪ್ಪನವರು ಆ ಮರದಿಂದ ಕಸಿ ಕಟ್ಟಿದ್ದರು. ಕಟ್ಟಿದ್ದರಲ್ಲಿ ಬದುಕಿ ಉಳಿದದ್ದು ಇದೊಂದೇ. ಮುದುಕರು ಅದನ್ನು ಡಾಲ್ಡಾ ಡಬ್ಬಿಯಲ್ಲಿಟ್ಟು, ಧಾರವಾಡದಿಂದ ದಾದರಿನ ತನಕ ತೊಡೆಯಿಂದ ಇಳಿಸದೆ ತಂದು ಮಗಳ ಕೈಗೆ ಕೊಟ್ಟಿದ್ದರು.

“ಇದು ಹೋತಂದ್ರ ಮತ್ತೊಂದಿಲ್ಲ, ಅಳಿಯಂದಿರ,” ಎಂದಿದ್ದರು ಹೋಗುವಾಗ. “ಮಳಿಗಾಲದಾಗ ಮತ್ತ ಬರ್ತೀನಿ. ನೆಲಕ್ಕ ಕುಂತದ್ದನ್ನ ಕಣ್ಣಿಲೆ ನೋಡಿದ್ರ ಸಾಕು.”

“ಮಿರಗ ಕೂಡೋ ದಿನಾನ ಬರ್ರಿ ಮಾವಾರ! ನಿಮ್ಮ ಕಣ್ಣ ಮುಂದನ ನೆಡ್ತೀನಿ!”

ತಂದೆ ಬೀದಿ ದಾಟಿದ ಮೇಲೆ ಬಸಲಿಂಗವ್ವ ಬಾಯಿ ಬಿಟ್ಟಳು.

“ಏನ್ರೀ, ನಮ್ಮ ಅಂಗಳ ರಸ್ತೇಕ್ಕಿಂತ ತಗ್ಗಿಗೈತಿ. ಹ್ವಾದ ವರ್ಷ ಮಿರಗದಾಗ ನಿಮ್ಮ ಚಪ್ಪಲಿ ತೇಲಿಕೊಂಡು ಬಾಜೂ ಮನಿಗೆ ಹೋಗಿದ್ವು. ನೆನಪೈತಿಲ್ಲೋ? ಗಣಪತಿ ಹೋಗ್ಲಿ, ಮಳಿ ತಗ್ಗಲಿ. ಆಮ್ಯಾಲ ನೆಡೂಣು.”

“ಗಣಪತಿ ಆದ ಮ್ಯಾಲ ಯಾರರ ಗಿಡ ನೆಡ್ತಾರೇನ ಹುಚ್ಚಿ?”

“ಧಾರವಾಡದಾಗ ನೆಡಂಗಿಲ್ಲ. ಇದು ಧಾರವಾಡ ಅಲ್ಲ.”

“ಮಿರಗ ಎಲ್ಲಿದ್ರೂ ಮಿರಗನ!” ಎಂದು ಬಟ್ಟಲು ಕುಕ್ಕಿದ್ದು ಆಗಲೇ.

ಮರುದಿನದ ರಜೆಗೇ ಗುದ್ದಲಿ ಬಂತು. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಡಬೇಕು, ಮಣ್ಣು ಬಿಸಿಲು ಕುಡಿಯಬೇಕು, ಆಮೇಲೆ ಮಿರಗದ ನೀರು ಕುಡಿಯಬೇಕು. ಇದು ಅಜ್ಜನ ಶಾಸ್ತ್ರ. ಮನೆಯ ಬಾಗಿಲಿಗೂ ಗೇಟಿಗೂ ನಡುವೆ, ಕಾಲುದಾರಿಯ ಪಕ್ಕದಲ್ಲೇ ಗುಂಡಿ ಶುರುವಾಯಿತು. ಮೊದಲ ದಿನ ಮೊಳಕಾಲುದ್ದ ಆಯಿತು. ಅಷ್ಟು ಸಾಕಾಗಿತ್ತು. ಆದರೆ ಮಿರಗ ದೂರವಿತ್ತು, ಕೈ ತುರಿಸುತ್ತಿತ್ತು, ಭಾನುವಾರಗಳು ಬರುತ್ತಲೇ ಇದ್ದವು. ಗುಂಡಿ ಸೊಂಟಕ್ಕೆ ಬಂತು. ಮೇ ತಿಂಗಳು ಮುಗಿಯುವಾಗ ಎದೆಗೆ ಬಂದಿತ್ತು!

ಪಕ್ಕದ ಮನೆಯ ತಿರುಮಲೇಶ ಮೈಸೂರಿನ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ಬೇಲಿಯ ಮೇಲಿನಿಂದ ಇಣುಕಿ ಕೇಳಿದ:

“ಏನ್ ಸಿದ್ದಲಿಂಗಪ್ಪನೋರೇ, ಬಾವಿ ತೋಡ್ತಿದೀರಾ?”

“ಮಾವಿನ ಸಸಿಗ್ರೀ.”

“ಓ, ಸಸಿಗಾ! ನಮ್ಮ ಕಡೆ ಇಷ್ಟು ದೊಡ್ಡ ಗುಂಡಿ ಆನೆ ಹಿಡಿಯೋಕೆ ತೋಡ್ತಾರೆ, ಅದಕ್ಕೇ ಕೇಳ್ದೆ.”

ಮನೆಯ ಮಾಲೀಕ ಶೇಠನಿಗೆ ಬೇರೆಯೇ ಗುಮಾನಿ. ಬಾಡಿಗೆದಾರ ಪ್ರತಿ ಭಾನುವಾರ ಇಷ್ಟು ಶ್ರದ್ಧೆಯಿಂದ ಅಗೆಯುತ್ತಾನೆಂದರೆ ಸುಮ್ಮನೆ ಅಗೆಯುತ್ತಾನೆಯೇ? ಅವನೂ ತಪ್ಪದೆ ಬಂದು, ಗುಂಡಿಯೊಳಗೆ ಕತ್ತು ಚಾಚಿ, ನಿಧಿಗಿಧಿ ಏನಾದರೂ ಸಿಕ್ಕಿತೇ ಎಂದು ದನಿ ತಗ್ಗಿಸಿ ಕೇಳುತ್ತಿದ್ದ: “ಕುಛ್ ಮಿಲಾ ಕ್ಯಾ?”

ಕೊನೆಗೆ ಮಿರಗ ಕೂಡುವ ದಿನ ಬಂದೇ ಬಂತು. ಕಾಶಪ್ಪನವರು ಹೊರಟ ಸುದ್ದಿಯೂ ಬಂದಿತ್ತು. ಸಿದ್ದಲಿಂಗಪ್ಪ ಆಫೀಸಿಗೆ ರಜೆ ಹಾಕಿ, ತಲೆಗೆ ನೀರು ಹಾಕಿಕೊಂಡು, ಒಗೆದ ಧೋತರ ಉಟ್ಟು, ಬಿಳಿ ಟೋಪಿ ಇಟ್ಟು ಮದುಮಗನಂತೆ ಸಿದ್ಧನಾದ. ಡಾಲ್ಡಾ ಡಬ್ಬಿಯನ್ನು ಎತ್ತಿ ತಂದು ಗುಂಡಿಯ ಬಾಯಿಗೇ ತಾಗಿಸಿ ಇಟ್ಟ. ಮಾವ ಬರುವುದೇ ತಡ, ಎತ್ತಿ ಇಳಿಸುವುದು!

ಮಧ್ಯಾಹ್ನಕ್ಕೆ ಮೊದಲ ಹನಿ ಬಿತ್ತು. ಅವನು ಅಂಗಳದಲ್ಲಿ ಎರಡೂ ಕೈ ಚಾಚಿ ನಿಂತ.

“ನೋಡಿದೇನ? ಪಂಚಾಂಗ ಅಂದ್ರ ಪಂಚಾಂಗ!”

“ಒಳಗ ಬರ್ರಿ, ನೆಗಡಿ ಆಗತೈತಿ,” ಎಂದಳು ಬಸಲಿಂಗವ್ವ. ತಂದೆಗೆಂದು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.

ಅವನು ಒಳಗೆ ಬಂದ. ಭೂಮಿ ಚೆನ್ನಾಗಿ ನೆನೆಯಲಿ ಎಂದು ಚಾಪೆಯ ಮೇಲೆ ಒರಗಿದ. ಹೊರಗೆ ತಂಪು, ಒಳಗೆ ಹೂರಣದ ವಾಸನೆ. ಜಗತ್ತನ್ನು ಗೆದ್ದವನಿಗೆ ಬರುವಂಥ ನಿದ್ದೆ ಬಂತು.

ಎಚ್ಚರವಾದದ್ದು ಗೇಟಿನ ಕಡೆಯಿಂದ ಬಂದ ಕೂಗಿಗೆ. “ಬಸವ್ವಾ! ಏ ಯವ್ವಾ!”

ಸಿದ್ದಲಿಂಗಪ್ಪ ಎದ್ದು ಬಾಗಿಲಿಗೆ ಬಂದ. ಅಲ್ಲೇ ನಿಂತ.

ಅಂಗಳವಿರಲಿಲ್ಲ! ಗೇಟಿನಿಂದ ಬಾಗಿಲ ಮೆಟ್ಟಿಲ ತನಕ ಕೆಂಪು ನೀರು. ರಸ್ತೆಯ ನೀರೆಲ್ಲ ಮೇಲಿನಿಂದ ಇಳಿದು ಒಳಗೆ ನುಗ್ಗುತ್ತಿತ್ತು. ಕಾಲುದಾರಿ ಕಾಣದು, ಬಟ್ಟೆ ಒಗೆಯುವ ಕಲ್ಲು ಕಾಣದು. ಎಲ್ಲಕ್ಕಿಂತ ಹೆಚ್ಚಾಗಿ, ಗುಂಡಿ ಕಾಣದು. ಎರಡು ತಿಂಗಳು ತನ್ನ ಕೈಯಾರೆ ತೋಡಿದ, ಎದೆಯುದ್ದದ ಗುಂಡಿ ಆ ನೀರಿನ ಅಡಿಯಲ್ಲಿ ಎಲ್ಲೋ ಬಾಯಿ ತೆರೆದು ಕೂತಿತ್ತು.

ಗೇಟಿನಲ್ಲಿ ಮಾವ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಗುಚಿಕೊಂಡ ಕೊಡೆ, ತಲೆಯ ಮೇಲೆ ರುಮಾಲು. ಗಿಡ್ಡ ಆಳು. ಮೊಳಕಾಲು ನೋವಿನವರು. ಈಜು ಬಾರದು. ಅಳಿಯನ ಎದೆಗೆ ಬರುವ ಗುಂಡಿ, ಅದರ ಮೇಲೆ ಇಷ್ಟು ನೀರು! ಸಿದ್ದಲಿಂಗಪ್ಪ ಮೆಟ್ಟಿಲ ತುದಿಗೆ ಹಾರಿ ಎರಡೂ ಕೈ ಬೀಸಿ ಕೂಗಿದ.

“ನಿಂದರ್ರಿ! ಅಲ್ಲೇ ನಿಂದರ್ರಿ ಮಾವಾರ!”

ತಗಡಿನ ಮಾಡಿನ ಮೇಲೆ ಮಳೆ ಡೋಲು ಬಾರಿಸುತ್ತಿತ್ತು. ಕಾಶಪ್ಪನವರಿಗೆ ಕಂಡದ್ದು ಎರಡೂ ಕೈ ಬೀಸುತ್ತ ಕುಣಿಯುತ್ತಿರುವ ಅಳಿಯ. ಎಂಥ ಆದರ! ಅವರೂ ಕೊಡೆ ಎತ್ತಿ ಬೀಸಿ, ನಗುತ್ತ ನೀರಿಗಿಳಿದರು.

ಆಗ ಅವನ ಕಣ್ಣಿಗೆ ಬಿತ್ತು ಸಸಿ. ಬಲಗಡೆ, ನೀರಿನ ಮೇಲೆ ಅದರ ಎಲೆಗಳು ಅಲುಗುತ್ತಿದ್ದವು. ಬದುಕಿತ್ತು! ಬದುಕಿದ್ದಷ್ಟೇ ಅಲ್ಲ, ದಾರಿಯನ್ನೂ ತೋರಿಸುತ್ತಿತ್ತು. ಡಬ್ಬಿಯನ್ನು ಗುಂಡಿಯ ಬಾಯಿಗೇ ಇಟ್ಟದ್ದು ತಾನೇ ಅಲ್ಲವೇ? ಸಸಿ ಎಲ್ಲಿದೆಯೋ ಗುಂಡಿ ಅಲ್ಲಿದೆ. ಅಂದಮೇಲೆ ಎಡಗಡೆಯೆಲ್ಲ ಗಟ್ಟಿ ನೆಲ. ಹೆಡ್ ಕ್ಲಾರ್ಕಿನ ತಲೆ ಎಂದರೆ ತಲೆ!

“ಈ ಕಡೆ ಬರ್ರಿ, ಈ ಕಡೆ!” ಎಂದು ಎಡಗೈ ಬೀಸಿ ಬೀಸಿ ತೋರಿಸಿದ. ಕಾಶಪ್ಪನವರು ಕೈ ನೋಡಿ ದಾರಿ ಬದಲಿಸಿದರು. ಕೋಲು ಊರಿದರು, ಹೆಜ್ಜೆ ಇಟ್ಟರು. ಮತ್ತೆ ಕೋಲು, ಮತ್ತೆ ಹೆಜ್ಜೆ.

ಸಿದ್ದಲಿಂಗಪ್ಪನೂ ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಮುದುಕರನ್ನು ಕೈ ಹಿಡಿದು ಕರೆತರಬೇಕಲ್ಲ! ಹಿಂದಿನಿಂದ ಹೆಂಡತಿ ಏನೋ ಕೂಗುತ್ತಿದ್ದಳು. ಮಳೆಯಲ್ಲಿ ಕೇಳಿಸಲಿಲ್ಲ. ಹೆಂಗಸರು ಇಂಥ ಹೊತ್ತಿನಲ್ಲಿ ಕೂಗುತ್ತಲೇ ಇರುತ್ತಾರೆ ಎಂದುಕೊಂಡ. ಬಲಗಡೆಯ ಸಸಿಯನ್ನು ಓರೆಗಣ್ಣಿನಿಂದ ನೋಡಿಕೊಳ್ಳುತ್ತ, ಅದರಿಂದ ದೂರ ದೂರ ಸರಿಯುತ್ತ, ಎಡಕ್ಕೆ ನಡೆದ. ಮಾವ ಇನ್ನೇನು ಕೈಗೆಟುಕುವಷ್ಟು ಹತ್ತಿರ ಬಂದಿದ್ದರು.

ಮಳೆ ಒಂದು ಕ್ಷಣ ಉಸಿರು ಹಿಡಿಯಿತು. ಆಗ ಹೆಂಡತಿಯ ಕೂಗು ಸ್ಪಷ್ಟವಾಗಿ ಕೇಳಿತು.

“ಏನ್ರೀ! ಡಬ್ಬಿ ನಾ ಸರಿಸೀನ್ರೀ! ಒಗಿಯೋ ಕಲ್ಲಿನ ಮ್ಯಾಲ ಇಟ್ಟೀನ್ರೀ!”

ಕೇಳಿತು, ನಿಜ. ಆದರೆ ಬಲಗಾಲು ಆಗಲೇ ಮುಂದೆ ಹೋಗಿತ್ತು.

ಗುಳುಂ!

ನೀರಿನ ಮೇಲೆ ಉಳಿದದ್ದು ಬಿಳಿ ಟೋಪಿಯೊಂದೇ. ಅದು ಒಂದು ಸುತ್ತು ತಿರುಗಿ, ಗಂಭೀರವಾಗಿ ಬಾಜೂ ಮನೆಯ ಕಡೆ ಹೊರಟಿತು. ಕಾಶಪ್ಪನವರು ಎತ್ತಿದ ಹೆಜ್ಜೆಯನ್ನು ಅಲ್ಲೇ ತಡೆದು, ಕೋಲನ್ನು ಮುಂದೆ ಚಾಚಿ ನೀರಿನಲ್ಲಿ ಚುಚ್ಚಿದರು. ಕೋಲಿಗೆ ನೆಲ ಸಿಗಲಿಲ್ಲ, ಅಳಿಯ ಸಿಕ್ಕ! ಕೋಲನ್ನು ಹಿಡಿದುಕೊಂಡು, ಕೆಮ್ಮುತ್ತ, ಕೆಸರು ಉಗುಳುತ್ತ ಸಿದ್ದಲಿಂಗಪ್ಪನ ತಲೆ ಮೇಲೆ ಬಂತು. ಗದ್ದವೆತ್ತಿ ಹಿಡಿದರಷ್ಟೇ ಉಸಿರು. ಕಾಲುಗಳು ಮಾತ್ರ ಮೇಲೆ ಬರಲಿಲ್ಲ. ಎರಡು ತಿಂಗಳು ಬಿಸಿಲು ಕುಡಿದು ಈಗ ನೀರು ಕುಡಿದ ಮಣ್ಣು ಮೊಳಕಾಲಿನ ತನಕ ಅವನನ್ನು ಕಚ್ಚಿ ಹಿಡಿದಿತ್ತು.

ಕೂಗು ಕೇಳಿ ತಿರುಮಲೇಶ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಓಡಿ ಬಂದ. ಹಿಂದೆಯೇ ಶೇಠ. ಗುಂಡಿಯೊಳಗೆ ಬಾಡಿಗೆದಾರನನ್ನು ಕಂಡವನೇ ಕಣ್ಣರಳಿಸಿ, “ಮಿಲಾ ಕ್ಯಾ?” ಎಂದ.

ಹಗ್ಗವನ್ನು ಕಂಕುಳಿಗೆ ಕಟ್ಟಿ ಮೂವರೂ ಎಳೆದರು. ಬರಲಿಲ್ಲ. “ಐಸಾ!” ಎಂದು ಎಳೆದರು. ಆಗಲೂ ಬರಲಿಲ್ಲ.

“ಬಸವ್ವಾ, ಅಳಿಯಂದಿರು ಅಲ್ಲಾಡವಲ್ಲರು!” ಎಂದು ಕಾಶಪ್ಪನವರು ಏದುಸಿರು ಬಿಟ್ಟರು. “ಗಿಡಾ ಏನಾತವ್ವಾ?”

ಬಸಲಿಂಗವ್ವ ಮೆಟ್ಟಿಲ ಮೇಲೆ ಬಾಗಿಲ ಕಟ್ಟು ಹಿಡಿದು ನಿಂತಿದ್ದಳು. ಕೈಯಲ್ಲಿ ಹೂರಣ ಹಾಗೇ ಇತ್ತು. ಟೋಪಿ ಒಂದೇ ತೇಲಿದ ಆ ಗಳಿಗೆಯಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ಗಂಡ ಉಸಿರಾಡುವುದು ಖಾತ್ರಿಯಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಗೆಯುವ ಕಲ್ಲಿನ ಮೇಲೆ ಅವಳ ತಾಯಿಯ ಮಾವು ಎಲೆಯೊಂದನ್ನೂ ಕಳೆದುಕೊಳ್ಳದೆ ನಿಂತಿತ್ತು. ಅದನ್ನು ನೋಡಿದಳು, ಗುಂಡಿಯನ್ನು ನೋಡಿದಳು. ತಡೆದು ಇಟ್ಟಿದ್ದ ನಗು ಬಂದೇಬಿಟ್ಟಿತು.

“ಗಿಡಾ ಗಟ್ಟಿಮುಟ್ಟ ಐತಿ ಯಪ್ಪಾ. ಅವರನ್ನ ಎಳದು ನೀ ದಣೀಬ್ಯಾಡ. ಇವತ್ತ ಮಿರಗ. ಮಿರಗಕ್ಕ ನೆಟ್ಟದ್ದನ್ನ ದೇವರು ಬಂದ್ರೂ ಕೀಳಾಕ ಆಗಂಗಿಲ್ಲಂತ. ಅವರ ಹೇಳ್ಯಾರ!”

ಸಿದ್ದಲಿಂಗಪ್ಪ ಕೆಸರಿನಿಂದ ಎರಡೂ ಕೈ ಮೇಲೆತ್ತಿ ಜೋಡಿಸಿದ.

“ಗಿಡಾ ಗಣಪತಿ ಆದ ಮ್ಯಾಲನ ನೆಡೂಣು ಮಾರಾಯ್ತಿ. ಮೊದಲ ನನ್ನ ಕೀಳ್ರಿ!”